ಹೂ ತಿರುಗಿಸಿ ನೋಡು

ಉಪ್ಪಲ್
7 ಜುಲೈ 2024

ಅಹಲ್ಯಾ ಮೇಡಂ,

ನಾನು ಯಾರು ಅಂತ ನಿಮಗೆ ಗೊತ್ತಿಲ್ಲ. ನೀವು ಯಾರು ಅಂತ ನನಗೆ ಚೆನ್ನಾಗಿ ಗೊತ್ತು. ನಮ್ಮ ಹೈದರಾಬಾದ್ ಕನ್ನಡ ಗಿಡಬಳಗ ಗ್ರೂಪಿನಲ್ಲಿ ನೀವು ಎರಡು ವರ್ಷದಲ್ಲಿ ಹಾಕಿದ ಎಲ್ಲ ಮೆಸೇಜಿಗೂ ನಾನು ಸ್ಟಾರ್ ಹಾಕಿ ಇಟ್ಟುಕೊಂಡಿದ್ದೇನೆ. ಬೇರೆಯವರೆಲ್ಲ ಹೂವಿನ ಫೋಟೋ ನೋಡಿ “ವಾವ್” ಅನ್ನುವಾಗ ನೀವೊಬ್ಬರೇ “ಹೂ ತಿರುಗಿಸಿ ಹಿಂಬದಿ ತೋರಿಸಿ” ಅಂತಿದ್ದಿರಿ. ಹೋದ ತಿಂಗಳು ಗ್ರೂಪ್ ಬಿಟ್ಟು ಹೋಗುವಾಗ ಕೊನೆಯ ಮೆಸೇಜಿನಲ್ಲಿ ಅಬಿಡ್ಸ್ ವಿಳಾಸ ಕೊಟ್ಟು, “ನಿಜವಾಗಿ ಗಿಡದ ಹೆಸರು ಬೇಕಾದವರು ಗಿಡವನ್ನೇ ಅಂಚೆಗೆ ಹಾಕಿ” ಅಂದಿರಿ. ಇನ್ನೂರ ನಲವತ್ತು ಮಂದಿ ಇದ್ದಾರೆ ಗ್ರೂಪಿನಲ್ಲಿ. ಎಷ್ಟು ಜನ ಹಾಕಿದರು? ನಾನು ಒಬ್ಬಳೇ ಇರಬೇಕು. ಒಬ್ಬಳೇ ಆಗಿದ್ದರೆ ನನಗೆ ಭಾರೀ ಖುಷಿ.

ನನ್ನ ಹೆಸರು ಶಾಂಭವಿ. ಬಿ.ಎಸ್ಸಿ. ಎರಡನೇ ವರ್ಷ. ನಮ್ಮದು ಸುರಪುರದ ಹತ್ತಿರದ ಊರು. ಅಪ್ಪ ಇಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಬಂದು ಹದಿನೈದು ವರ್ಷವಾಯ್ತು. ಅವ್ವ ಸೊಪ್ಪು ಮಾರುತ್ತಾಳೆ. ನನ್ನ ಪ್ರಶ್ನೆ: ಇದರ ಜೊತೆ ಕಳಿಸಿದ ತುಂಬೆ ಯಾವ ಜಾತಿಯದು? ನಮ್ಮ ಮನೆ ಪಕ್ಕದ ಖಾಲಿ ಪ್ಲಾಟಿನಲ್ಲಿ ಎರಡು ಥರದ್ದಿದೆ ಅಂತ ನನ್ನ ವಾದ. ಒಂದೇ ಅಂತ ಗ್ರೂಪ್ ಅಡ್ಮಿನ್ ಋಷಭ್ ಅವರ ವಾದ.

ಪತ್ರ ನಿಮಗೆ ಮುಟ್ಟಿತು ಅಂತ ನನಗೆ ಹೇಗೆ ಗೊತ್ತಾಗುತ್ತೆ? ಇದರಲ್ಲಿ ನೀಲಿ ಟಿಕ್ ಇಲ್ಲವಲ್ಲ!

ನಿಮ್ಮ ಅಭಿಮಾನಿ,
ಶಾಂಭವಿ


ಅಬಿಡ್ಸ್
12 ಜುಲೈ 2024

ಶಾಂಭವಿ,

ಇದೇ ನಿನ್ನ ನೀಲಿ ಟಿಕ್.

ಲಕೋಟೆಯಲ್ಲಿ ಇಪ್ಪತ್ತೆಂಟು ಬಿಳಿ ಎಸಳುಗಳಿವೆ. ಗಿಡ ಇಲ್ಲ. ನೀನು ತುಂಬೆ ಹೂವನ್ನು ಶಿವನಿಗೆ ಬಿಡಿಸುವ ಹಾಗೆ ಬಿಡಿಸಿದ್ದೀಯ. ಎರಡು ಬೆರಳಲ್ಲಿ ಬಿಳಿ ಭಾಗವನ್ನಷ್ಟೇ ಮೆಲ್ಲಗೆ ಎಳೆದು, ಹಸಿರು ಬಟ್ಟಲನ್ನು ಗಿಡದಲ್ಲೇ ಬಿಟ್ಟು ಬಂದಿದ್ದೀಯ. ದೇವರಿಗೆ ಅಷ್ಟು ಸಾಕು. ನನಗೆ ಸಾಲದು. ಆ ಹಸಿರು ಬಟ್ಟಲೇ ಪುಷ್ಪಪಾತ್ರೆ. ತುಂಬೆಗಳಲ್ಲಿ ಇದು ಯಾವುದು, ಅದು ಯಾವುದು ಎಂದು ಹೇಳುವುದು ಅದರ ಬಾಯಿ. ಬಾಯಿ ನೇರವಾಗಿದೆಯೋ ಓರೆಯಾಗಿದೆಯೋ, ಅಂಚಿನಲ್ಲಿ ಹಲ್ಲು ಎಷ್ಟು, ಎಲ್ಲಕ್ಕಿಂತ ಉದ್ದದ ಹಲ್ಲು ಯಾವುದು ಎಂದು ನೋಡಬೇಕು.

ಎಸಳು ಇರುವುದು ಜೇನ್ನೊಣವನ್ನು ಕರೆಯಲು. ಎರಡು ದಿನ ಮೆರೆದು ಉದುರುತ್ತದೆ. ಬಟ್ಟಲು ಮೊಗ್ಗಿದ್ದಾಗಿನಿಂದ ಬೀಜ ಮಾಗುವ ತನಕ ಇರುತ್ತದೆ. ಗುರುತು ಹಿಡಿಯುವಾಗ ಉಳಿಯುವುದನ್ನು ನೋಡು.

ಇಡೀ ಗೊಂಚಲನ್ನು ಹಳೆ ಪೇಪರಿನ ನಡುವೆ ಇಟ್ಟು, ಮೇಲೆ ಭಾರ ಹೇರಿ, ನಾಲ್ಕು ದಿನ ಒಣಗಿಸಿ ಕಳಿಸು. ನಾನು ಡಾಕ್ಟರೂ ಅಲ್ಲ, ಪ್ರೊಫೆಸರೂ ಅಲ್ಲ. ಒಂದು ಕಾಲೇಜಿನ ಹರ್ಬೇರಿಯಂನಲ್ಲಿ ಮೂವತ್ತನಾಲ್ಕು ವರ್ಷ ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸಿ ಚೀಟಿ ಬರೆದವಳು. ಅಭಿಮಾನ ಸ್ವಲ್ಪ ಇಳಿಸಿಕೊ.

ಹೌದು, ಕಳಿಸಿದವಳು ನೀನೊಬ್ಬಳೇ.

ಅಹಲ್ಯಾ


ಉಪ್ಪಲ್
28 ಜುಲೈ 2024

ಮೇಡಂ,

ಅಭಿಮಾನ ಇಳಿಸಲು ನೋಡಿದೆ, ಆಗಲಿಲ್ಲ.

ಈ ಸಲ ಎರಡು ಗೊಂಚಲು ಕಳಿಸಿದ್ದೇನೆ. ಎರಡನ್ನೂ ನಾನೇ ಭೂತಗನ್ನಡಿ ಇಟ್ಟು ನೋಡಿದೆ. ಎರಡರದ್ದೂ ಬಾಯಿ ಓರೆ, ಮೇಲಿನ ಹಲ್ಲು ಉದ್ದ. ಅಂದರೆ ಎರಡೂ ಒಂದೇ ತುಂಬೆ! ಒಂದು ನೆರಳಲ್ಲಿ ಬೆಳೆದು ಎಲೆ ದೊಡ್ಡದಾಗಿದೆ, ಅಷ್ಟೇ. ಋಷಭ್ ಅವರೇ ಸರಿ. ಅವರಿಗೆ ನಾನು ಹೇಳಲ್ಲ.

ಈಗ ನಮ್ಮ ಮನೆಯಲ್ಲಿ ಯಾವ ತರಕಾರಿಗೂ ಉಳಿಗಾಲವಿಲ್ಲ. ಬದನೆಕಾಯಿಯ ಮುಳ್ಳು ಟೋಪಿ ಪುಷ್ಪಪಾತ್ರೆ! ಟೊಮೆಟೊ ಮೇಲಿನ ನಕ್ಷತ್ರ ಪುಷ್ಪಪಾತ್ರೆ! ಮೆಣಸಿನಕಾಯಿಯ ಬುಡದ ಬಟ್ಟಲು ಪುಷ್ಪಪಾತ್ರೆ! ಅವ್ವ ಬೈದಳು: “ಏ ಶಾಂಭವೀ, ಬದ್ನಿಕಾಯಿ ಟೊಪಗಿ ಕಿತ್ತು ಕಿತ್ತು ಒಗ್ಯಾಕತ್ತೀಯಲ್ಲಾ, ಎಣಗಾಯಿ ಮಾಡೂದು ಹ್ಯಾಂಗ? ನಿಮ್ಮ ಮೇಡಂಗ ಹೇಳು, ಒಂದಿನ ಬಂದು ಇಲ್ಲೇ ಉಣ್ಣಂತ.”

ನಮ್ಮವ್ವ ಗುಂಡಮ್ಮ ಓದಿಲ್ಲ. ಇಲ್ಲಿ ದೊಡ್ಡದೊಂದು ಅಪಾರ್ಟ್‌ಮೆಂಟ್ ಇದೆ. ಅದರ ಗೇಟಿನ ಪಕ್ಕ ಗೋಣಿಚೀಲ ಹಾಸಿ ಬೆಳಿಗ್ಗೆ ಪುಂಡಿಪಲ್ಯ, ರಾಜಗಿರಿ, ಖಾಲಿ ಪ್ಲಾಟುಗಳಲ್ಲಿ ಆಯ್ದ ಹಕ್ಕರಕಿ ಸೊಪ್ಪು ಮಾರುತ್ತಾಳೆ. ಎಂಟು ವರ್ಷದಿಂದ ಅದೇ ಜಾಗ. ಮಳೆಗಾಲದಲ್ಲಿ ಯಾರು ಸೊಪ್ಪು ತಗೊಂಡರೂ ಅವರ ಮಕ್ಕಳಿಗೆ ಕೊಸರು ಅಂತ ಒಂದು ಹಿಡಿ ಗುಪ್ಪಟೆ ಹಣ್ಣು ಕೊಡುತ್ತಾಳೆ. ಕಾಗದದ ಬುಡ್ಡಿಯೊಳಗೆ ಗೋಲಿ ಇಟ್ಟ ಹಾಗೆ ಇರುತ್ತಲ್ಲ, ಅದು. ತೆಲುಗಿನವರು ಬುಡ್ಡ ಬೂಸರ ಅಂತಾರೆ. ಮೇಡಂ, ಆ ಬುಡ್ಡಿ ಏನು? ಅದೂ ಪುಷ್ಪಪಾತ್ರೆಯಾ???

ಶಾಂಭವಿ


ಅಬಿಡ್ಸ್
2 ಆಗಸ್ಟ್ 2024

ಶಾಂಭವಿ,

ಒಂದು ಪ್ರಶ್ನಾರ್ಥಕ ಚಿಹ್ನೆ ಸಾಕು. ಹೌದು, ಅದೇ. ಗುಪ್ಪಟೆಯಲ್ಲಿ ಪುಷ್ಪಪಾತ್ರೆಯ ಐದು ಹೋಳುಗಳು ಒಂದಕ್ಕೊಂದು ಬೆಸೆದು ಒಂದೇ ಚೀಲವಾಗುತ್ತವೆ. ತುದಿಯಲ್ಲಿ ಮಾತ್ರ ಐದು ಸಣ್ಣ ಹಲ್ಲು ಉಳಿಯುತ್ತವೆ. ಎಸಳು ಉದುರಿದ ಮೇಲೆ ಚೀಲ ಬಲೂನಿನಂತೆ ಉಬ್ಬಿ ಹಣ್ಣನ್ನು ಒಳಗಿಟ್ಟುಕೊಳ್ಳುತ್ತದೆ. ಚೀಲ ಹಸಿರಿದ್ದಾಗ ತಿಂದರೆ ಹೊಟ್ಟೆ ಕೆಡುತ್ತದೆ. ನಿಮ್ಮ ತಾಯಿ ಯಾವಾಗ ಆಯುತ್ತಾರೆ, ಕೇಳಿ ಬರೆ.

ತುಂಬೆಯ ವಿಷಯ ಋಷಭ್‌ಗೆ ಹೇಳು.

ಅಹಲ್ಯಾ


ಉಪ್ಪಲ್
25 ಆಗಸ್ಟ್ 2024

ಮೇಡಂ,

ಅವ್ವನನ್ನು ಕೇಳಿದೆ. “ಗಿಡದಾಗಿಂದ ಕೀಳೂದಿಲ್ಲ. ತಾನs ಉದರಿ ಬಿದ್ದಿದ್ದು, ಚೀಲ ಒಣಗಿ ಬೂದಿಬಣ್ಣ ಆಗಿದ್ದು, ಅದನ್ನಷ್ಟs ಆರಿಸ್ತೀನಿ” ಅಂದಳು. ಪಾಸಾ?

ಋಷಭ್ ಅವರಿಗೂ ಹೇಳಿದೆ. ಅವರು ನಗುವ ಮುಖ ಹಾಕಿದರು. ಅವರು ಮಂಗಳೂರು ಕಡೆಯವರು, ಕಂಪ್ಯೂಟರ್ ಕಂಪನಿಯ ಕೆಲಸ. ಅವ್ವ ಕೂರುವ ಅಪಾರ್ಟ್‌ಮೆಂಟಿನಲ್ಲೇ ಇದ್ದಾರೆ, ಟೆರೇಸ್ ತುಂಬ ಕುಂಡ. ಅವತ್ತಿನಿಂದ ಗ್ರೂಪಿನಲ್ಲಿ ನನ್ನ ಮಾತಿಗೆ ಬೆಲೆ ಬಂದಿದೆ! ನಿನ್ನೆ ಒಂದು ಗಿಡದ ಫೋಟೋ ಬಂತು. ಬಂದ ನಾಲ್ಕೇ ಸೆಕೆಂಡಿಗೆ ನಾನು ಹೆಸರು ಹೇಳಿದೆ. ಹದಿನಾಲ್ಕು ಹೆಬ್ಬೆರಳು ಬಂದವು ಮೇಡಂ, ಹದಿನಾಲ್ಕು! ಅವ್ವನಿಗೆ ತೋರಿಸಿದರೆ ಅವಳು, “ಇಷ್ಟು ಓದಿದ ಮಂದಿನೂ ಹೆಬ್ಬಟ್ಟs ಒತ್ತತಾರೇನು?” ಅಂದಳು. (ಇಲ್ಲಿ ಕಣ್ಣಲ್ಲಿ ನೀರು ಬರುವ ತನಕ ನಗುವ ಮುಖ ಇದೆ ಅಂದುಕೊಳ್ಳಿ.)

ನಿಮ್ಮ ಶಿಷ್ಯೆ (ಕೇಳದೇ ಬರೆದುಕೊಂಡೆ),
ಶಾಂಭವಿ


ಅಬಿಡ್ಸ್
30 ಆಗಸ್ಟ್ 2024

ಶಾಂಭವಿ,

ನಿಮ್ಮ ತಾಯಿ ಪಾಸು. ಅವರ ಹೆಬ್ಬಟ್ಟಿನ ಮಾತಿಗೆ ನಾನೂ ನಕ್ಕೆ.

ನಿನ್ನ ವಿಷಯ ಗೊತ್ತಿಲ್ಲ. ನಾಲ್ಕು ಸೆಕೆಂಡಿನಲ್ಲಿ ಹಿಂಬದಿ ನೋಡಿದೆಯಾ? ನಾನು ಗ್ರೂಪ್ ಬಿಟ್ಟದ್ದು ಯಾಕೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಯಾರೋ ಒಂದು ಬೇರಿನ ಫೋಟೋ ಹಾಕಿ ತಿನ್ನಬಹುದಾ ಎಂದು ಕೇಳಿದ್ದರು. ನಾನು ಕನ್ನಡಕ ಹುಡುಕಿಕೊಂಡು ಬರುವಷ್ಟರಲ್ಲಿ ಐದು ಜನ “ತಿನ್ನಬಹುದು” ಎಂದಾಗಿತ್ತು. ಐವರೂ ಐದು ಬೇರೆ ಬೇರೆ ಹೆಸರು ಹೇಳಿದ್ದರು.

ಶಿಷ್ಯೆ ಎಂದು ನೀನೇ ಬರೆದುಕೊಂಡರೆ ಆಗದು. ನೋಡೋಣ.

ಅಹಲ್ಯಾ


ಉಪ್ಪಲ್
15 ಸೆಪ್ಟೆಂಬರ್ 2024

ಮೇಡಂ,

ಇವತ್ತು ತಮಾಷೆ ಇಲ್ಲ.

ಆ ಅಪಾರ್ಟ್‌ಮೆಂಟಿನಲ್ಲಿ ಚಿತ್ರಾ ಅಂತ ಆರು ವರ್ಷದ ಹುಡುಗಿ ಇದ್ದಾಳೆ. ಮೈಸೂರಿನವರು. ಅವಳ ಅಮ್ಮ ಉಮಾಶ್ರೀ ಅವರು ಅವ್ವನ ಹತ್ತಿರ ದಿನಾ ಕಟ್ಟು ಸಣ್ಣದು ಅಂತ ಜಗಳ ಆಡಿಕೊಂಡೇ ಸೊಪ್ಪು ತಗೊಳ್ಳುತ್ತಿದ್ದರು. ಬುಧವಾರ ಚಿತ್ರಾಗೆ ವಾಂತಿ ಶುರುವಾಗಿ, ಮೈ ಬಿಸಿಯಾಗಿ, ಕಣ್ಣು ಮಂಜು ಮಂಜು ಅನ್ನತೊಡಗಿದಳಂತೆ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಒಂದು ದಿನ ಸಲೈನ್ ಹಾಕಿಸಿದರು. ಈಗ ಆರಾಮಾಗಿದ್ದಾಳೆ, ಓಡಾಡುತ್ತಿದ್ದಾಳೆ. ಆದರೆ ಅವಳ ಫ್ರಾಕಿನ ಜೇಬಲ್ಲಿ ಬುಡ್ಡಿ ಹಣ್ಣಿನ ಸಿಪ್ಪೆಗಳು ಸಿಕ್ಕವು.

ಉಮಾಶ್ರೀ ಅವರು ಕಿರುಚಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, “ನಿಮ್ಮನ್ನ ನಂಬಿದ್ವಲ್ಲ ಗುಂಡಮ್ಮ” ಅಂದರು. ಅವ್ವ, “ನಾ ಕೊಟ್ಟಿದ್ದಲ್ಲರಿ ಅಕ್ಕಾರ. ಆ ದಿನ ನನ್ನ ಕಡೆ ಹಣ್ಣs ಇದ್ದಿಲ್ಲ” ಅಂದಳು. ಯಾರು ಕೇಳುತ್ತಾರೆ? ಅಸೋಸಿಯೇಷನ್ ಸೆಕ್ರೆಟರಿ ಮಹೇಶಕುಮಾರ ಅವರು ಬಂದು “ಕೊನ್ನಿ ರೋಜುಲು ವದ್ದಮ್ಮಾ” ಅಂದರು. ಸ್ವಲ್ಪ ದಿನ ಬರಬೇಡ ಅಂತ. ಸ್ವಲ್ಪ ದಿನ ಅಂದರೆ ಎಷ್ಟು ದಿನ ಅಂತ ಅವರೂ ಹೇಳಲಿಲ್ಲ, ಅವ್ವನೂ ಕೇಳಲಿಲ್ಲ. ಗೋಣಿಚೀಲ ಮಡಚಿಕೊಂಡು ಬಂದಳು.

ಅದರ ಮರುದಿನ ಅವ್ವ ಆರಿಸಿ ಬುಟ್ಟಿಯಲ್ಲಿ ತಂದಿದ್ದ ಹತ್ತು ಚೀಲಗಳನ್ನು ಇದರ ಜೊತೆ ಕಳಿಸಿದ್ದೇನೆ. ಇದು ತಿನ್ನುವ ಗುಪ್ಪಟೆಯೇ ಅಂತ ಒಂದು ಕಾಗದ ಬರೆದು, ಸಹಿ ಮಾಡಿ ಕೊಡಿ. ಅದನ್ನು ಸೆಕ್ರೆಟರಿಗೆ ತೋರಿಸುತ್ತೇನೆ. ಬೇಗ ಕಳಿಸಿ ಮೇಡಂ.

ಶಾಂಭವಿ


ಅಬಿಡ್ಸ್
19 ಸೆಪ್ಟೆಂಬರ್ 2024

ಶಾಂಭವಿ,

ಮಗು ಆರಾಮಾಗಿದೆ ಎಂಬುದು ಮೊದಲ ಮಾತು. ಸಮಾಧಾನವಾಯಿತು.

ನೀನು ಕಳಿಸಿದ ಹತ್ತೂ ಗುಪ್ಪಟೆಯೇ, ಹತ್ತೂ ಪೂರ್ತಿ ಮಾಗಿದವು. ಅಷ್ಟನ್ನು ಬರೆದು ಸಹಿ ಮಾಡಿ ಇಟ್ಟಿದ್ದೇನೆ. ಆದರೆ ಅದರಿಂದ ಪ್ರಯೋಜನವಿಲ್ಲ. ನಿಮ್ಮ ತಾಯಿಯ ಬುಟ್ಟಿಯಲ್ಲಿ ಏನಿತ್ತು ಎಂದು ನಾನು ಹೇಳಬಲ್ಲೆ. ಮಗು ತಿಂದದ್ದು ಏನು ಎಂದು ಹೇಳಲಾರೆ. ಅವಳ ಜೇಬಿನಲ್ಲಿ ಸಿಕ್ಕ ಸಿಪ್ಪೆ ಎಲ್ಲಿ? ಬಿಸಾಡಿದ್ದರೆ ಹುಡುಕು. ಇದ್ದರೆ ಕಳಿಸು.

ಅಹಲ್ಯಾ


ಉಪ್ಪಲ್
25 ಸೆಪ್ಟೆಂಬರ್ 2024

ಮೇಡಂ,

ಸಿಕ್ಕಿತು! ಜೇಬಿನಲ್ಲಿದ್ದದ್ದನ್ನು ಅವಳ ಅಮ್ಮ ಬಿಸಾಡಿದ್ದರು. ಆದರೆ ಚಿತ್ರಾ ಅದಕ್ಕೂ ಮೊದಲೇ ಎರಡನ್ನು ಬೊಂಬೆಗೆ ಲಂಗ ಮಾಡಿ ಇಟ್ಟಿದ್ದಳು. ಪಾರ್ಕಿನಲ್ಲಿ ಸಿಕ್ಕಾಗ ಕೇಳಿದೆ. ಒಂದನ್ನು ಕೊಡುವುದಕ್ಕೆ ನನ್ನ ಹತ್ತಿರ ಮೂರು ಹೇರ್‌ಕ್ಲಿಪ್ ವಸೂಲಿ ಮಾಡಿದಳು.

“ಗುಂಡಮ್ಮ ಆಂಟಿ ಕೊಡ್ತಾರಲ್ಲ, ಅದರಲ್ಲೂ ಲಂಗ ಮಾಡ್ತೀಯಾ?” ಅಂದೆ.

“ಅದು ಆಗಲ್ಲ ಅಕ್ಕ. ಅದು ಬ್ಯಾಗು. ಇದು ಮಾತ್ರ ಲಂಗ. ನೋಡು, ಅರಳುತ್ತೆ.”

ಒಣಗಿ ಸ್ವಲ್ಪ ಮುರಿದಿದೆ. ಆದರೆ ಗುಪ್ಪಟೆಯೇ ಅಂತ ನನಗೆ ಗ್ಯಾರಂಟಿ. ಬಹುಶಃ ಯಾವುದೋ ಪ್ಲಾಟಿನಲ್ಲಿ ಹಸಿರು ಕಾಯಿ ಕಿತ್ತು ತಿಂದಿರಬೇಕು. ಹಾಗಂತ ಬರೆದು ಕೊಟ್ಟರೆ ಸಾಕು. ಅವ್ವ ಈಗ ಅಪ್ಪನ ಸೈಟಿಗೆ ಇಟ್ಟಿಗೆ ಹೊರಲು ಹೋಗುತ್ತಿದ್ದಾಳೆ. ಸಂಜೆ ಬಂದರೆ ತಲೆ ಬಾಚಲು ಕೈ ಎತ್ತಲು ಆಗುವುದಿಲ್ಲ. ನಾನೇ ಬಾಚುತ್ತೇನೆ.

ಶಾಂಭವಿ


ಅಬಿಡ್ಸ್
28 ಸೆಪ್ಟೆಂಬರ್ 2024

ಶಾಂಭವಿ,

ಆರು ವರ್ಷದ ಹುಡುಗಿ ನಿನಗಿಂತ ಮೊದಲೇ ಗಿಡವನ್ನು ಗುರುತಿಸಿದ್ದಾಳೆ.

ಬೊಂಬೆಯ ಲಂಗವನ್ನು ಬಿಸಿನೀರಿನಲ್ಲಿ ನೆನೆಸಿ ಬಿಡಿಸಿದೆ. ಗುಪ್ಪಟೆಯ ಚೀಲ ಬೆಸೆದದ್ದು, ಅರಳುವುದಿಲ್ಲ. ಇದು ಬುಡದ ತನಕ ಐದು ಹೋಳಾಗಿ ಬಿಡಿಸಿಕೊಂಡಿತು. ಪ್ರತಿ ಹೋಳಿನ ಬುಡದಲ್ಲೂ ಬಾಣದ ಮೊನೆಯ ಹಿಂದಿರುವಂತೆ ಎರಡು ಚೂಪು ಕಿವಿ. ಹೋಳುಗಳ ಅಂಚು ಒಂದಕ್ಕೊಂದು ಒತ್ತಿಕೊಂಡು ನಿಲ್ಲುವುದರಿಂದ ದೂರಕ್ಕೆ ಚೀಲದಂತೆಯೇ ಕಾಣುತ್ತದೆ. ಇದರ ಹೆಸರು ನಿಕಾಂಡ್ರ. ಪೆರು ದೇಶದ ಗಿಡ, ತಿಳಿನೀಲಿ ಹೂ. ನೊಣ ಬರದಿರಲಿ ಎಂದು ಕೆಲವರು ಕುಂಡದಲ್ಲಿ ಬೆಳೆಸುತ್ತಾರೆ. ತಿನ್ನುವ ಗಿಡವಲ್ಲ.

ನಿಮ್ಮ ತಾಯಿಯ ತಪ್ಪಿಲ್ಲ ಎನ್ನಲು ಈಗ ಆಧಾರ ಸಿಕ್ಕಿದೆ. ಉಳಿದದ್ದು ಒಂದೇ ಪ್ರಶ್ನೆ. ಈ ಗಿಡ ಎಲ್ಲಿ ಬೆಳೆದಿದೆ?

ಅಹಲ್ಯಾ


ಉಪ್ಪಲ್
20 ಅಕ್ಟೋಬರ್ 2024

ಮೇಡಂ,

ಮೂರು ವಾರ ಬರೆಯಲಿಲ್ಲ. ಇಲ್ಲಿನವರ ಹೂವಿನ ಹಬ್ಬ ಬತುಕಮ್ಮ ಬಂತು, ದಸರಾ ಹೋಯ್ತು. ಊರೆಲ್ಲ ಬುಟ್ಟಿಗಟ್ಟಲೆ ತಂಗೇಡು, ಅಂದರೆ ನಮ್ಮ ಆವರಿಕೆ ಹೂ ತಂದರು. ನಾನು ಒಂದನ್ನೂ ತಿರುಗಿಸಿ ನೋಡಲಿಲ್ಲ.

ಆ ಗಿಡ ಋಷಭ್ ಅವರ ಟೆರೇಸಿನದು. ನಿಮ್ಮ ಪತ್ರ ಓದುತ್ತಾ “ಐದು ಹೋಳು” ಅನ್ನುವಲ್ಲಿಗೆ ಬಂದಾಗಲೇ ನನಗೆ ಗೊತ್ತಾಯ್ತು. ಫೋನ್ ತೆಗೆದು ಗ್ರೂಪಿನಲ್ಲಿ ಮೇಲಕ್ಕೆ ಮೇಲಕ್ಕೆ ಹೋದೆ. ಆಗಸ್ಟ್ 24, ಮಧ್ಯಾಹ್ನ 1:12. ಋಷಭ್ ಅವರು ಫೋಟೋ ಹಾಕಿದ್ದಾರೆ: “ಆನ್‌ಲೈನ್‌ನಲ್ಲಿ ತರಿಸಿದ ಮಿಕ್ಸ್ ಬೀಜದಲ್ಲಿ ಇದು ಬಂದಿದೆ. ಏನಿದು? ತಿನ್ನಬಹುದಾ?” ಅದರ ಕೆಳಗೆ, ಅದೇ 1:12: “ಗುಪ್ಪಟೆ! ತಿನ್ನಬಹುದು!! ನಮ್ಮವ್ವ ಗೇಟಿನ ಹತ್ತಿರ ಮಕ್ಕಳಿಗೆ ಕೊಡೋದು ಇದನ್ನೇ.” ಬರೆದವಳು ನಾನು. ನಿಮಗೆ ಹೆಮ್ಮೆಯಿಂದ ಹೇಳಿದ ನಾಲ್ಕು ಸೆಕೆಂಡ್ ಅದು. ಆ ಹದಿನಾಲ್ಕು ಹೆಬ್ಬೆರಳಲ್ಲಿ ಒಂದು ಉಮಾಶ್ರೀ ಅವರದ್ದು.

ಫೋಟೋದಲ್ಲಿ ಹೂ ಇರಲಿಲ್ಲ. ಹಸಿರು ಬುಡ್ಡಿಗಳಷ್ಟೇ ಇದ್ದವು. ದೊಡ್ಡದು ಮಾಡಿ ನೋಡಿದರೆ ಕಿವಿಗಳು ಕಾಣುತ್ತವೆ. ಈಗ ಕಾಣುತ್ತವೆ.

ಡಿಲೀಟ್ ಒತ್ತಿದೆ. ಎಲ್ಲರ ಫೋನಿಂದ ಅಳಿಸುವ ಟೈಮ್ ಎಂದೋ ಮುಗಿದಿದೆ, ನನ್ನ ಫೋನಿಂದ ಮಾತ್ರ ಹೋಯ್ತು. ಮಿಕ್ಕ ಇನ್ನೂರ ಮೂವತ್ತೊಂಬತ್ತು ಜನರ ಹತ್ತಿರ ಇದೆ. ಯಾರೂ ಮೇಲಕ್ಕೆ ಹೋಗಿ ನೋಡಿಲ್ಲ, ಅಷ್ಟೇ.

ಹೇಳಿದರೆ, “ತಾಯಿ ಅಲ್ಲ, ಮಗಳು” ಅಂತಾರೆ. ಆಮೇಲೆ ಆ ಗೇಟಿನ ಹತ್ತಿರ ನಮ್ಮ ಮನೆಯವರನ್ನು ಯಾರು ಕೂರಿಸುತ್ತಾರೆ? ಹೇಳದಿದ್ದರೆ ಅವ್ವ ಇಟ್ಟಿಗೆ ಹೊರುತ್ತಾಳೆ. ನಿನ್ನೆ ಅವಳ ಭುಜಕ್ಕೆ ಎಣ್ಣೆ ಹಚ್ಚುವಾಗ ಹೇಳಬೇಕು ಅಂತ ಬಾಯಿ ತೆಗೆದೆ. “ಏನವ್ವಾ?” ಅಂದಳು. “ಎಣ್ಣಿ ಮುಗೀತು” ಅಂದೆ.

ನಾನು ನಿಮ್ಮ ಶಿಷ್ಯೆ ಅಂತ ಬರೆದುಕೊಂಡಿದ್ದೆ. ಅದನ್ನೂ ಅಳಿಸಿಬಿಡಿ.

ಶಾಂಭವಿ


ಅಬಿಡ್ಸ್
24 ಅಕ್ಟೋಬರ್ 2024

ಶಾಂಭವಿ,

ಇದರ ಜೊತೆ ಒಂದು ಹಾಳೆ ಇದೆ, ಮಡಚಬೇಡ. ಎಡಗಡೆ ನಿಮ್ಮ ತಾಯಿಯ ಗುಪ್ಪಟೆ, ಬಲಗಡೆ ಚಿತ್ರಾಳ ಲಂಗ. ಎರಡನ್ನೂ ಅಂಟಿಸಿದ್ದೇನೆ.

ಹರ್ಬೇರಿಯಂನಲ್ಲಿ ಒಂದು ಪದ್ಧತಿ ಇದೆ. ಹಾಳೆಯ ಮೇಲೆ ಗಿಡದ ಹೆಸರು ತಪ್ಪಾಗಿದೆ ಎಂದು ಗೊತ್ತಾದರೆ ಹಳೆಯ ಚೀಟಿಯನ್ನು ಕೀಳುವಂತಿಲ್ಲ. ಅದರ ಮೇಲೆ ಗೀಟು ಹಾಕುವಂತಿಲ್ಲ. ಪಕ್ಕದಲ್ಲಿ ಇನ್ನೊಂದು ಸಣ್ಣ ಚೀಟಿ ಅಂಟಿಸಿ, ಸರಿಯಾದ ಹೆಸರು, ತಾರೀಖು, ತಿದ್ದಿದವರ ಹೆಸರು ಬರೆಯಬೇಕು. ತಪ್ಪೂ ಇರುತ್ತದೆ, ತಿದ್ದಿದ್ದೂ ಇರುತ್ತದೆ. ಒಂದು ಕಾಡುಬೆಂಡೆಯ ಹಾಳೆಯಲ್ಲಿ 1987ರಲ್ಲಿ ನಾನು ಬರೆದ ತಪ್ಪು ಚೀಟಿ ಇಂದಿಗೂ ಇದೆ. ಅದರ ಪಕ್ಕದಲ್ಲಿ 1991ರ ಚೀಟಿ, ಅದೂ ನನ್ನ ಕೈಬರಹವೇ. ನಡುವಿನ ನಾಲ್ಕು ವರ್ಷ ನನಗೆ ತಪ್ಪು ಗೊತ್ತಿತ್ತು. ಯಾರೂ ಆ ಕಪಾಟು ತೆಗೆಯದಿರಲಿ ಎಂದುಕೊಂಡೇ ಓಡಾಡುತ್ತಿದ್ದೆ.

ಬಲಗಡೆಯ ಗಿಡದ ಕೆಳಗೆ “ಗುಪ್ಪಟೆ, 24 ಆಗಸ್ಟ್, ಶಾಂಭವಿ” ಎಂದು ನಾನು ಬರೆದಿದ್ದೇನೆ. ಅದರ ಪಕ್ಕದ ಚೀಟಿ ಖಾಲಿ ಇದೆ.

ಅಳಿಸಿ ಎಂದು ನನ್ನನ್ನು ಕೇಳಬೇಡ. ಅಳಿಸುವುದು ನಮ್ಮ ಕೆಲಸದಲ್ಲಿಲ್ಲ.

ಅಹಲ್ಯಾ


ಉಪ್ಪಲ್
10 ನವೆಂಬರ್ 2024

ಮೇಡಂ,

ಎಲ್ಲಾ ಹೇಳುತ್ತೇನೆ, ಸಾಲಾಗಿ ಹೇಳುತ್ತೇನೆ.

ಮೊದಲು ಅವ್ವನಿಗೆ ಹೇಳಿದೆ. ಹಾಳೆ ತೋರಿಸಿದೆ. ಅವಳು ಎರಡನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ, “ಇದು ನಂದಲ್ಲ ಅಂತ ಮುಟ್ಟಿದ್ರs ಗೊತ್ತಾಕ್ಕೈತಿ. ಆವತ್ತು ಫೋನ್ ನನ್ನ ಮಾರಿ ಮುಂದ ಹಿಡದು ಹೆಬ್ಬಟ್ಟು ತೋರ್ಸಿದಿ. ಗಿಡಾ ತೋರ್ಸಲಿಲ್ಲ” ಅಂದಳು.

“ತಪ್ಪಾತವ್ವಾ.”

“ನನಗ್ಯಾಕ ಹೇಳ್ತಿ? ಇಟ್ಟಂಗಿ ಹೊತ್ತದ್ದು ನನ್ನ ಭುಜಾ ಅಷ್ಟs. ವಾಂತಿ ಮಾಡಿದ್ದು ಆ ಕೂಸು. ನಡಿ, ಅಲ್ಲಿ ಹೇಳು. ನಾನೂ ಬರ್ತೀನಿ. ಒಬ್ಬಾಕಿನs ಹೋಗಬ್ಯಾಡ.”

ಖಾಲಿ ಚೀಟಿಯ ಮೇಲೆ “ನಿಕಾಂಡ್ರ. ತಿನ್ನಬಾರದು. 3 ನವೆಂಬರ್. ತಿದ್ದಿದವಳು: ಶಾಂಭವಿ” ಅಂತ ಬರೆದೆ. ಭಾನುವಾರ ಅಸೋಸಿಯೇಷನ್ ಮೀಟಿಂಗ್. ಪಾರ್ಕಿಂಗ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮೂವತ್ತು ಜನ ಕೂತಿದ್ದರು. ಲಿಫ್ಟ್ ರಿಪೇರಿ ಬಗ್ಗೆ ಒಂದು ಗಂಟೆ ಜಗಳ ಆಯ್ತು, ನಾವು ನಿಂತೇ ಇದ್ದೆವು. ನಮ್ಮ ಸರದಿ ಬಂದಾಗ ಹಾಳೆಯನ್ನು ಅವ್ವ ಹಿಡಿದುಕೊಂಡಳು. ನಾನು ಆಗಸ್ಟ್ 24ರಿಂದ ಶುರುಮಾಡಿ ಎಲ್ಲಾ ಹೇಳಿದೆ. ಕನ್ನಡದಲ್ಲಿ ಒಂದು ಸಲ, ಹಿಂದಿಯಲ್ಲಿ ಒಂದು ಸಲ. ಎರಡನೇ ಸಲ ಹೇಳುವುದು ಇನ್ನೂ ಕಷ್ಟ ಮೇಡಂ.

ಮಹೇಶಕುಮಾರ ಅವರು ಹಾಳೆಯನ್ನು ಕಣ್ಣಿನ ಹತ್ತಿರ ತಂದು, “ಅರೆ! ರೆಂಡೂ ಒಕಟೇ ಕದಮ್ಮಾ?” ಅಂದರು. ಎರಡೂ ಒಂದೇ ಅಲ್ಲವಾ ಅಂತ. ಅಷ್ಟರಲ್ಲಿ ಚಿತ್ರಾ ಕುರ್ಚಿ ಮೇಲೆ ಹತ್ತಿ, “ಅಲ್ಲ ಅಂಕಲ್! ಇದು ಬ್ಯಾಗು, ಅದು ಲಂಗ! ಅದು ನಂದು, ವಾಪಸ್ ಕೊಡಿ!” ಅಂದಳು. ಎಲ್ಲರೂ ನಕ್ಕರು. ಉಮಾಶ್ರೀ ಅವರು ನಗಲಿಲ್ಲ.

ಋಷಭ್ ಅವರು ಎದ್ದು ನಿಂತರು. ಮುಖ ಕೆಂಪಾಗಿತ್ತು. “ಗಿಡ ನಂದು. ತಿನ್ನಬಹುದು ಅಂತ ಮಕ್ಕಳಿಗೆ ಹೇಳಿದ್ದೂ ನಾನೇ ಮಾರಾಯ್ರೆ. ಮಗುವಿಗೆ ಹುಷಾರಿಲ್ಲ ಅಂತ ಗೊತ್ತಾದ ದಿನವೇ ನನಗೆ ಡೌಟು ಬಂತು. ಗಿಡ ಕಿತ್ತು ಹಾಕಿ ಸುಮ್ಮನಿದ್ದೆ” ಅಂದರು. ಅವ್ವ ಅವರನ್ನೇ ನೋಡಿದಳು. “ನೀವು ಸುಮ್ನಿದ್ದಿದ್ದು ಎರಡು ತಿಂಗಳಾತ್ರಿ ತಮ್ಮಾರ” ಅಂದಳು. ಅಷ್ಟೇ ಅಂದದ್ದು. ಅವರು ಕೂತುಬಿಟ್ಟರು.

ಉಮಾಶ್ರೀ ಅವರು ನನ್ನ ಹತ್ತಿರ ಬಂದು, “ಇದನ್ನ ನೀನು ನಂಗೆ ಮೊದಲೇ ಹೇಳಬೇಕಿತ್ತು” ಅಂದರು. ಹೌದು ಅಂದೆ. ಅವ್ವನ ಕಡೆ ಒಮ್ಮೆ ತಿರುಗಿದರು. ಚಿತ್ರಾಳ ಕೈ ಹಿಡಿದುಕೊಂಡು ಲಿಫ್ಟಿಗೆ ಹೋದರು, ಲಿಫ್ಟ್ ಕೆಟ್ಟಿತ್ತು, ವಾಪಸ್ ನಮ್ಮ ಮುಂದೆಯೇ ಹಾದು ಮೆಟ್ಟಿಲು ಹತ್ತಿದರು. ಸೆಕ್ರೆಟರಿ, “ಸೋಮವಾರಂ ನುಂಚಿ ರಾಮ್ಮಾ” ಅಂದರು. ಸೋಮವಾರದಿಂದ ಬಾ ಅಂತ.

ಗ್ರೂಪಿನಲ್ಲೂ ಹಾಕಿದೆ. ಹಾಳೆಯ ಫೋಟೋ, ಎರಡು ಚೀಟಿಯೂ ಕಾಣುವ ಹಾಗೆ. ಒಂದೂ ಹೆಬ್ಬೆರಳು ಬರಲಿಲ್ಲ. ಇಬ್ಬರು ಮಾತ್ರ ತಮ್ಮ ಹಳೆಯ ಫೋಟೋಗಳನ್ನು ಮತ್ತೆ ಹಾಕಿ, “ಇದರ ಹಿಂಬದಿ ಹೇಗೆ ನೋಡೋದು?” ಅಂತ ಕೇಳಿದರು.

ಸೋಮವಾರ ಅವ್ವ ಹೋದಳು. ನಾನೂ ಜೊತೆಗೆ ಕೂತೆ. ಒಬ್ಬರೂ ಹತ್ತಿರ ಬರಲಿಲ್ಲ. ವಾಕಿಂಗಿಗೆ ಬಂದವರೆಲ್ಲ “ಬಂದ್ರಾ ಗುಂಡಮ್ಮ? ಒಳ್ಳೇದಾಯ್ತು” ಅನ್ನುತ್ತಾ ಮುಂದೆ ಹೋದರು. ಮಂಗಳವಾರ, ಬುಧವಾರ, ಅದೇ. ಎಲ್ಲರೂ ಎಷ್ಟು ಮರ್ಯಾದೆಯಿಂದ ಮಾತಾಡಿಸಿದರು ಅಂದರೆ ನನಗೆ ಅಳು ಬಂತು. ಮರ್ಯಾದೆ ಕೊಡುತ್ತಾರೆ, ಸೊಪ್ಪು ತಗೊಳ್ಳುವುದಿಲ್ಲ. ಒಣಗಿದ ರಾಜಗಿರಿಯನ್ನು ಮೂರು ದಿನ ನಾವೇ ತಿಂದೆವು. ಅವ್ವ ಮಾತ್ರ ಏನೂ ಆಗದವಳ ಹಾಗೆ ನೀರು ಚಿಮುಕಿಸುತ್ತಾ ಕೂತಿದ್ದಳು.

ಗುರುವಾರ ಉಮಾಶ್ರೀ ಅವರು ಬಂದರು. ನಿಂತರು. ಒಂದು ಕಟ್ಟು ಎತ್ತಿ ತಿರುಗಿಸಿದರು.

“ಏನ್ ಗುಂಡಮ್ಮ, ಪುಂಡಿ ಕಟ್ಟು ಇಷ್ಟು ಸಣ್ಣದಾ?”

ಅವ್ವ ತಲೆ ಎತ್ತದೆ, “ಕಟ್ಟು ಅಷ್ಟs ಐತ್ರಿ ಅಕ್ಕಾರ. ನಿಮ್ಮ ಕೈ ದೊಡ್ಡದಾಗೇತಿ” ಅಂದಳು.

“ಅರ್ಧ ಬರೀ ಕಡ್ಡಿ.”

“ಕಡ್ಡಿ ಇಲ್ದs ಎಲಿ ಗಾಳ್ಯಾಗ ಹುಟ್ಟತಾವೇನ್ರಿ?”

“ಆ ಮೂಲೆ ಅಂಗಡಿಯಲ್ಲಿ ಇದರ ಎರಡರಷ್ಟು ಕೊಡ್ತಾರೆ.”

“ಹೋಗ್ರಿ ಮತ್ತ, ತಗೊಂಡು ಬರ್ರಿ. ಬಾಡಿದ್ದು ನೋಡಿ ಅತ್ಗೋತ ಬರ್ತೀರಿ.”

ಧ್ವನಿ ಏರಿತು. ವಾಚ್‌ಮನ್ ಎದ್ದು ಬಂದ. ನಾಯಿ ಹಿಡಿದು ವಾಕಿಂಗ್ ಬಂದಿದ್ದವರೂ ನಿಂತರು. ಪೂರ್ತಿ ಹತ್ತು ನಿಮಿಷ ಜಗಳ. ಕೊನೆಗೆ ಉಮಾಶ್ರೀ ಅವರು ಕಟ್ಟನ್ನು ಕುಕ್ಕಿ ಹೊರಟೇಬಿಟ್ಟರು. ನಾನು ಓಡಿಹೋಗಿ ಕರೆಯೋಣ ಅಂತ ಎದ್ದೆ. ಅವ್ವ ನನ್ನ ದುಪ್ಪಟ್ಟಾ ಹಿಡಿದು ಕೂರಿಸಿದಳು. “ಸುಮ್ಕ ಕುಂದ್ರು. ಎಣಿಸು ಬೇಕಾದ್ರ. ಹತ್ತು ಹೆಜ್ಜಿ.”

ಎಂಟಕ್ಕೇ ತಿರುಗಿದರು. ಬಂದು, ಆ ಕಟ್ಟನ್ನು ಬಿಟ್ಟು ಬೇರೆ ಎರಡು ಕಟ್ಟು ಆರಿಸಿಕೊಂಡು, ನಾಲ್ಕು ಎಳೆ ಜಾಸ್ತಿ ಕಸಿದುಕೊಂಡು, ಗೊಣಗುತ್ತಾ ಹೋದರು. ಅವರ ಹಿಂದೆಯೇ ನಾಯಿಯವರು ಹಕ್ಕರಕಿ ಕೇಳಿದರು.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರು ಅಂದುಕೊಂಡೆ. ನಗುತ್ತಿದ್ದಳು ಮೇಡಂ. ಎಂಟು ವಾರ ಆದ ಮೇಲೆ ಒಬ್ಬರು ಅವಳ ಜೊತೆ ಜಗಳ ಆಡಿದ್ದರು.

ಇಂತಿ,
ಶಾಂಭವಿ